ಪೇಂಟ್ ಡಬ್ಬದ ತನಿಯಾವರ್ತನ

ಶೆಟ್ಟರ ಹಾರ್ಡ್‌ವೇರ್ ಅಂಗಡಿಯ ಶಟರ್ ಭಾನುವಾರ ಮಧ್ಯಾಹ್ನ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಇಳಿಸಿದರೆ ಒಳಗೆ ಕುಳಿತ ನಾವು ನಾಲ್ವರೂ ಟರ್ಪೆಂಟೈನ್ ವಾಸನೆಗೆ ಮೂರ್ಛೆ ಹೋಗುತ್ತೇವೆ. ಪೂರ್ತಿ ತೆರೆದಿಟ್ಟರೆ ಯಾರಾದರೂ ಬಂದು ಅರ್ಧ ಇಂಚಿನ ಎಲ್ಬೋ ಕೇಳುತ್ತಾರೆ. ಹಾಗಾಗಿ ಅರ್ಧ. ಚಾಮರಾಜಪೇಟೆಯ ಈ ಅರ್ಧ ಶಟರಿನ ಹಿಂದೆ ಹನ್ನೆರಡು ವರ್ಷಗಳಿಂದ ಒಂದೇ ವ್ಯಾಜ್ಯ ನಡೆದುಬಂದಿದೆ: ರಾಕ್ ಸಂಗೀತದ ತಂಡಗಳಲ್ಲಿ ಲೆಡ್ ಜೆಪ್ಲಿನ್ ಮೇಲೋ, ಡೀಪ್ ಪರ್ಪಲ್ ಮೇಲೋ?

ವಾದಿ ನಮ್ಮ ರಾಯರು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಸಾಲದ ಅರ್ಜಿಗಳನ್ನು ತಿರಸ್ಕರಿಸಿ ನಿವೃತ್ತರಾದವರು. ಲೆಡ್ ಜೆಪ್ಲಿನ್ ಮೇಲೆ ಅವರಿಗಿರುವ ನಂಬಿಕೆ ಠೇವಣಿಯ ಮೇಲಿರುವ ನಂಬಿಕೆಗಿಂತ ಒಂದು ಗುಲಗಂಜಿ ಹೆಚ್ಚು. ಪ್ರತಿವಾದಿ ಅಂಗಡಿಯ ಮಾಲೀಕರಾದ ಶೆಟ್ಟರು. ಡೀಪ್ ಪರ್ಪಲ್ ಭಕ್ತಿಯಿಂದ ತಮ್ಮ ಸ್ಕೂಟರಿಗೆ ನೇರಳೆ ಬಣ್ಣ ಬಳಿಸಿದವರು. ಆ ಬಣ್ಣ ಯಾರೂ ಕೊಳ್ಳದೆ ಗೋದಾಮಿನಲ್ಲಿ ಉಳಿದಿತ್ತು ಎಂಬುದು ರಾಯರ ಆರೋಪ. ಮೂರನೆಯವರು ಮೃದಂಗದ ಮೇಷ್ಟ್ರು. ಎಂದೋ ಒಂದು ಭಾನುವಾರ ನಾಲ್ಕು ಮೊಳೆ ಕೊಳ್ಳಲು ಬಂದರು. ಆ ಮೊಳೆಗಳು ಇನ್ನೂ ಅವರ ಜೇಬಿನಲ್ಲೇ ಇವೆ. ತೀರ್ಪುಗಾರನ ಸ್ಥಾನ ನನ್ನದು. ಅದು ಯೋಗ್ಯತೆಯಿಂದ ಬಂದದ್ದಲ್ಲ. ಬೆನ್ನು ಆನಿಸಿ ಕೂರಬಹುದಾದ ಕುರ್ಚಿ ಅಂಗಡಿಯಲ್ಲಿ ಒಂದೇ ಇದೆ, ಸೊಂಟನೋವು ನಾಲ್ವರಲ್ಲಿ ನನಗೊಬ್ಬನಿಗೇ ಇದೆ.

ಕಳೆದ ಭಾನುವಾರ ಜಗಳ ಹತ್ತಿಕೊಂಡದ್ದು ಒಬ್ಬ ಹುಡುಗನಿಂದ. ಶಟರಿನ ಕೆಳಗೆ ಬಗ್ಗಿ ಬಂದು ಟೆಫ್ಲಾನ್ ಟೇಪ್ ಕೇಳಿದ. ಅವನ ಟೀ ಶರ್ಟಿನ ಮೇಲೆ ಲೆಡ್ ಜೆಪ್ಲಿನ್ ಎಂದು ಎದೆಯಗಲ ಅಚ್ಚಾಗಿತ್ತು. ರಾಯರ ಕಣ್ಣು ತುಂಬಿ ಬಂತು.

"ಇವರದು ಯಾವ ಹಾಡು ಇಷ್ಟ ಮಗು ನಿನಗೆ?"

"ಹಾಡೇ? ಇದು ಬಟ್ಟೆ ಕಂಪನಿ ಅಂಕಲ್."

ಶೆಟ್ಟರು ಆ ಹುಡುಗನಿಗೆ ಟೇಪನ್ನು ಪುಕ್ಕಟೆಯಾಗಿ ಕೊಟ್ಟರು. ಅವರು ಏನನ್ನಾದರೂ ಪುಕ್ಕಟೆ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

"ಬಟ್ಟೆಯ ಮೇಲಾದರೂ ಬಂದಿದೆಯಲ್ಲ," ಎಂದರು ರಾಯರು, ಕನ್ನಡಕ ಒರೆಸಿಕೊಳ್ಳುತ್ತ. "ನಿಮ್ಮ ಪರ್ಪಲ್ ಹೆಸರು ಹೊತ್ತ ಒಂದು ಬನಿಯನ್ನನ್ನಾದರೂ ಈ ಪೇಟೆಯಲ್ಲಿ ತೋರಿಸಿ ನೋಡೋಣ. ಅಮೆರಿಕದ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ನಮ್ಮವರು 1995ರಲ್ಲಿ ಹೋಗಿ ಕುಳಿತರು. ನಿಮ್ಮವರು ಬಾಗಿಲು ತಟ್ಟುತ್ತ ನಿಂತದ್ದು 2016ರವರೆಗೆ."

"ಇಪ್ಪತ್ತೊಂದು ವರ್ಷ ನಿಲ್ಲುವ ಶಕ್ತಿ ನಮ್ಮವರಿಗೆ ಇತ್ತು. ನಿಮ್ಮವರು 1980ರಲ್ಲೇ ಅಂಗಡಿ ಮುಚ್ಚಿದರು."

ಹೀಗೆ ಶುರುವಾಯಿತು.

ರಾಯರ ಭಕ್ತಿಯ ಮೂಲವನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಲೇಜಿನ ಹಾಸ್ಟೆಲಿನಲ್ಲಿ ಅವರಿಗೆ ಒಂದು ಕ್ಯಾಸೆಟ್ ಸಿಕ್ಕಿತ್ತು. ನಕಲಿನ ನಕಲಿನ ನಕಲು. ಅದರ ಒಂದು ಮಗ್ಗುಲಿನ ಕೊನೆಗೆ 'ಸ್ಟೇರ್‌ವೇ ಟು ಹೆವನ್'. ಎಂಟು ನಿಮಿಷದ ಈ ಹಾಡು ಒಂದು ಗಿಟಾರ್ ಮತ್ತು ಕೊಳಲಿನಂಥ ರೆಕಾರ್ಡರ್ ವಾದ್ಯದಿಂದ ಮೆಲ್ಲಗೆ ಮೊದಲಾಗುತ್ತದೆ; ನಾಲ್ಕು ನಿಮಿಷ ಕಳೆಯುವವರೆಗೆ ಡ್ರಮ್ಮಿನ ಸದ್ದಿಲ್ಲ; ಜಿಮ್ಮಿ ಪೇಜ್‌ನ ಗಿಟಾರ್ ಸೋಲೋ ಎದ್ದು ಬರುವುದು ಆರನೇ ನಿಮಿಷದ ಹೊಸ್ತಿಲಿನಲ್ಲಿ. ರಾಯರ ಕ್ಯಾಸೆಟ್ಟಿನ ಟೇಪು ಮುಗಿದು ಹೋಗುತ್ತಿದ್ದದ್ದು ಸರಿಯಾಗಿ ಅದೇ ಹೊಸ್ತಿಲಿನಲ್ಲಿ. 'ಟಪ್' ಎಂದು ಗುಂಡಿ ಮೇಲೇಳುತ್ತಿತ್ತು. ಹಾಡು ಇರುವುದೇ ಅಷ್ಟು ಎಂದು ರಾಯರು ಮೂರು ವರ್ಷ ನಂಬಿದ್ದರು. ಆ 'ಟಪ್' ಎಂಬುದು ಸ್ವರ್ಗದ ಬಾಗಿಲು ಮುಚ್ಚಿದ ಸದ್ದು ಎಂದು ಕಿರಿಯ ವಿದ್ಯಾರ್ಥಿಗಳಿಗೆ ವ್ಯಾಖ್ಯಾನವನ್ನೂ ಕೊಡುತ್ತಿದ್ದರಂತೆ. ಮುಂದೆ ಯಾರದೋ ಮನೆಯಲ್ಲಿ ಪೂರ್ತಿ ಹಾಡು ಕೇಳಿದಾಗ ಅವರಿಗೆ ಏನಾಗಿರಬೇಡ! ಮುಕ್ಕಾಲು ಹತ್ತಿ ನಿಂತಿದ್ದ ಮೆಟ್ಟಿಲನ್ನು ಮೂರು ವರ್ಷದ ಮೇಲೆ ಹತ್ತಿ ಮುಗಿಸಿದವರು ಅವರು. ಇಂಥವರೊಡನೆ ವಾದ ಮಾಡುವುದು ಕಷ್ಟ.

"ನಾಲ್ಕು ನಿಮಿಷ ಡ್ರಮ್ ಇಲ್ಲ ಎಂದರೆ ಅಲ್ಲಿಯವರೆಗೆ ಆ ಬಾನಮ್ ಏನು ಮಾಡುತ್ತಿದ್ದ?" ಎಂದು ಶೆಟ್ಟರು ಪ್ರತಿ ಸಲವೂ ಕೇಳುತ್ತಾರೆ.

"ಕಾಯುತ್ತಿದ್ದ. ಕಾಯುವುದೂ ವಿದ್ಯೆಯೇ ಶೆಟ್ಟರೇ."

"ನಮ್ಮಲ್ಲಿ ಕಾಯುವವರಿಗೆ ಸಂಬಳ ಇಲ್ಲ."

ಶೆಟ್ಟರ ಭಕ್ತಿಗೂ ಒಂದು ಮೂಲವಿದೆ. ಅರಮನೆ ಮೈದಾನಕ್ಕೆ ಡೀಪ್ ಪರ್ಪಲ್ ಬಂದಿದ್ದಾಗ ಅಂಗಡಿಗೆ ಬೀಗ ಹಾಕಿ ಹೋಗಿದ್ದರು. ಅವರ ಮಾತಿನಲ್ಲಿ ಅದು ಮನೆದೇವರು ತಾನಾಗಿಯೇ ಬೀದಿಗೆ ಬಂದು ದರ್ಶನ ಕೊಟ್ಟ ದಿನ. ರಾಯರು ಆ ಸಂಭ್ರಮವನ್ನೂ ಬಿಡುವುದಿಲ್ಲ. "ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ 1993ರಲ್ಲೇ ತಂಡ ಬಿಟ್ಟಾಗಿತ್ತು. ನೀವು ನೋಡಿದ್ದು ಉತ್ಸವಮೂರ್ತಿ, ಮೂಲವಿಗ್ರಹವಲ್ಲ," ಎನ್ನುತ್ತಾರೆ.

"ನಿಮ್ಮ ಮೂಲವಿಗ್ರಹ ಬೆಂಗಳೂರಿಗೆ ಎಂದಾದರೂ ಬಂದಿತ್ತೇ?"

ರಾಯರು ಸುಮ್ಮನಾಗುತ್ತಾರೆ. ಬಂದಿರಲಿಲ್ಲ.

ಎರಡೂ ತಂಡಗಳು ಇಂಗ್ಲೆಂಡಿನವು, ಎರಡೂ ಹುಟ್ಟಿದ್ದು 1968ರಲ್ಲಿ. ಜಿಮ್ಮಿ ಪೇಜ್ ಮತ್ತು ಬ್ಲ್ಯಾಕ್‌ಮೋರ್ ಇಬ್ಬರೂ ಅದಕ್ಕೆ ಮೊದಲು ಲಂಡನ್ನಿನ ಸ್ಟುಡಿಯೋಗಳಲ್ಲಿ ಯಾರ ಯಾರದೋ ಹಾಡಿಗೆ ಗಿಟಾರ್ ನುಡಿಸಿ ಕೂಲಿ ಪಡೆಯುತ್ತಿದ್ದವರು. ಇಬ್ಬರೂ ಗಾಯಕನಿಗಾಗಿ ಹೋಗಿ ಕೇಳಿದ್ದು ಒಬ್ಬನನ್ನೇ, ಟೆರಿ ರೀಡ್ ಎಂಬಾತನನ್ನು. ಅವನು ಇಬ್ಬರಿಗೂ ಒಲ್ಲೆ ಎಂದ. ಪೇಜ್‌ಗೆ ಮಾತ್ರ, ನಾನು ಬರಲಾರೆ, ರಾಬರ್ಟ್ ಪ್ಲಾಂಟ್ ಎಂಬ ಹುಡುಗನಿದ್ದಾನೆ ನೋಡಿ ಎಂದು ದಾರಿ ತೋರಿಸಿದ.

ಮೇಷ್ಟ್ರಿಗೆ ಈ ವಿಷಯ ಬಹಳ ಹಿಡಿಸಿತು. "ಎರಡು ದೊಡ್ಡ ಮನೆತನದ ಸಂಬಂಧವನ್ನೂ ಬೇಡವೆಂದ ವರ. ಆಮೇಲೆ ಅವನ ಗತಿ?"

"ಆಮೇಲೂ ಚೆನ್ನಾಗಿಯೇ ಹಾಡಿದ. ಆದರೆ ಅವನ ಹೆಸರಿನ ಬನಿಯನ್ ಬರಲಿಲ್ಲ," ಎಂದರು ರಾಯರು.

ಪರ್ಪಲ್‌ಗೆ 1969ರಲ್ಲಿ ಇಯಾನ್ ಗಿಲ್ಲನ್ ಸಿಕ್ಕಿದ. ಶೆಟ್ಟರು ಅವನ ಹೆಸರು ಹೇಳುವಾಗ ಕುಳಿತಲ್ಲಿಯೇ ಸ್ವಲ್ಪ ಮೇಲೇಳುತ್ತಾರೆ. ಯೇಸುಕ್ರಿಸ್ತನ ಕಥೆಯನ್ನು ರಾಕ್ ಸಂಗೀತಕ್ಕೆ ಅಳವಡಿಸಿದ 1970ರ ಪ್ರಸಿದ್ಧ ಆಲ್ಬಮ್ಮಿನಲ್ಲಿ ಸಾಕ್ಷಾತ್ ಯೇಸುವಿನ ಪಾತ್ರ ಹಾಡಿದವನು ಅವನು. ಅದೇ ವರ್ಷ ಬಂದ 'ಚೈಲ್ಡ್ ಇನ್ ಟೈಮ್' ಹಾಡಿನಲ್ಲಿ ಅವನ ದನಿ ಮೊದಲು ಗುನುಗುತ್ತದೆ, ಆಮೇಲೆ ಕೂಗುತ್ತದೆ, ಆಮೇಲೆ ಇನ್ನೂ ಒಂದು ಮಹಡಿ ಹತ್ತಿ ಕಿರುಚುತ್ತದೆ. ಆದರೆ ಶ್ರುತಿ ಬಿಡುವುದಿಲ್ಲ. ಕಿರುಚಿಯೂ ಶ್ರುತಿಯಲ್ಲಿರುವುದು ಎಷ್ಟು ಕಷ್ಟ ಎಂಬುದು ಮದುವೆಯಾದವರಿಗೆಲ್ಲ ಗೊತ್ತು. ಪ್ಲಾಂಟ್‌ನದು ಬೇರೆ ಬಗೆ. ಅವನು ಪದವನ್ನು ಎಳೆದು, ನರಳಿಸಿ, ಗಿಟಾರಿನ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಾನೆ. ನನಗೆ ಗಿಲ್ಲನ್‌ನ ಕಂಠ ದೊಡ್ಡದೆನಿಸುತ್ತದೆ, ಪ್ಲಾಂಟ್‌ನ ಮನೋಧರ್ಮ ದೊಡ್ಡದೆನಿಸುತ್ತದೆ. ಹೀಗೆ ಹೇಳಿದ ಒಂದು ಭಾನುವಾರ ನನಗೆ ಯಾರೂ ಕಾಫಿ ಕೊಟ್ಟಿರಲಿಲ್ಲ.

"ಆ ಹಾಡಿನ ಆರ್ಗನ್ ಯಾರದು ಎಂದು ಕೇಳಿ," ಎಂದರು ರಾಯರು ನನ್ನ ಕಡೆ ತಿರುಗಿ. "ಅಮೆರಿಕದ ಇನ್ನೊಂದು ತಂಡದ 'ಬಾಂಬೆ ಕಾಲಿಂಗ್' ಎಂಬ ವಾದ್ಯಕೃತಿಯಿಂದ ಎತ್ತಿಕೊಂಡದ್ದು."

"ಬಾಂಬೆ ನಮ್ಮದು. ನಮ್ಮ ಮಾಲು ನಮಗೆ ವಾಪಸು ಬಂದಿದೆ," ಎಂದರು ಶೆಟ್ಟರು, ಒಂದು ಚೂರೂ ಅಳುಕದೆ. "ನಿಮ್ಮ 'ಹೋಲ್ ಲಾಟಾ ಲವ್' ವಿಷಯ ಹೇಳಿ. ಬ್ಲೂಸ್ ಹಾಡುಗಾರ ವಿಲ್ಲಿ ಡಿಕ್ಸನ್ 1985ರಲ್ಲಿ ಮೊಕದ್ದಮೆಯನ್ನೇ ಹೂಡಲಿಲ್ಲವೇ?"

"ಅದು ಕೋರ್ಟಿನ ಹೊರಗೇ ಮುಗಿಯಿತು. ಬ್ಯಾಂಕಿನಲ್ಲಿ ಅದನ್ನು ಏಕಕಾಲಿಕ ತೀರುವಳಿ ಎನ್ನುತ್ತೇವೆ. ಅದರಲ್ಲಿ ಅವಮಾನವಿಲ್ಲ."

"ಸಾಲ ತೆಗೆದುಕೊಂಡವನ ಬಾಯಲ್ಲಿ ಈ ಮಾತು ಕೇಳಿದ್ದೆ. ಕೊಟ್ಟವರ ಬಾಯಲ್ಲಿ ಇದೇ ಮೊದಲು."

ಮೇಷ್ಟ್ರು ಇಷ್ಟೂ ಹೊತ್ತು ಜೇಬಿನ ಮೊಳೆಗಳನ್ನು ಕುಲುಕಿಸುತ್ತ ಕುಳಿತಿದ್ದರು. "ಸಾಲದ ಲೆಕ್ಕ ಸಾಕು. ಸಂಗೀತ ಹಾಕಿ," ಎಂದರು. ಶೆಟ್ಟರು ಮೊಬೈಲಿನಲ್ಲಿ 'ಸ್ಮೋಕ್ ಆನ್ ದಿ ವಾಟರ್' ಹಾಕಿದರು. ಗಿಟಾರ್ ಕೊಂಡ ಮೊದಲ ದಿನ ಊರಿನ ಹುಡುಗರೆಲ್ಲ ನುಡಿಸಿ ಅಕ್ಕಪಕ್ಕದವರ ಶಾಪಕ್ಕೆ ಗುರಿಯಾಗುವ ಆ ತುಣುಕು. ಮೇಷ್ಟ್ರು ಎರಡು ಸಲ ಕೇಳಿ, ಕಣ್ಣು ಮುಚ್ಚಿ, ಸ್ವರ ಹಾಕಿಯೇ ಬಿಟ್ಟರು.

"ಸ ಗ ಮ. ಸ ಗ ಮ ಮ. ಸ ಗ ಮ, ಗ ಸ. ಇಷ್ಟೇ! ರಿಷಭವಿಲ್ಲ, ಪಂಚಮವಿಲ್ಲ. ಸಾಧಾರಣ ಗಾಂಧಾರ. ಎರಡನೇ ಸಾಲಿನಲ್ಲಿ ಮಾತ್ರ ಪ್ರತಿಮಧ್ಯಮವನ್ನು ಮುಟ್ಟಿ ಶುದ್ಧಮಧ್ಯಮಕ್ಕೆ ಜಾರುತ್ತಾನೆ. ಒಂದರ ಬೆನ್ನಿಗೆ ಒಂದು ಎರಡು ಮಧ್ಯಮ."

"ಯಾವ ರಾಗ ಮೇಷ್ಟ್ರೇ?" ಶೆಟ್ಟರ ಕಣ್ಣು ಹೊಳೆಯುತ್ತಿದ್ದವು.

"ರಾಗ ಎನ್ನುವಷ್ಟು ಸರಕು ಇಲ್ಲ. ರಾಗಕ್ಕೆ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ."

ರಾಯರು ನಕ್ಕ ನಗೆಗೆ ಕಪಾಟಿನ ಮೇಲಿನ ಬಲ್ಬಿನ ಪೆಟ್ಟಿಗೆಗಳು ಅಲ್ಲಾಡಿದವು. ಆದರೆ ಮೇಷ್ಟ್ರ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ಶೆಟ್ಟರು ಅವರಿಗೆ 'ಮೇಡ್ ಇನ್ ಜಪಾನ್' ಕೇಳಿಸಿದರು. 1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೋ ಕಛೇರಿಗಳಲ್ಲಿ ಮುದ್ರಿಸಿಕೊಂಡ ಧ್ವನಿಮುದ್ರಿಕೆ. ಅದರಲ್ಲಿ ಒಂದು ಹಾಡಿನ ನಡುವೆ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ಎಳೆ ಬಿಡುತ್ತಾನೆ, ಗಿಲ್ಲನ್ ಅದನ್ನು ಗಂಟಲಿನಲ್ಲಿ ಹಿಂದಿರುಗಿಸುತ್ತಾನೆ. ಇವನು ಇನ್ನೊಂದು ಗಂಟು ಹಾಕುತ್ತಾನೆ, ಅವನು ಬಿಚ್ಚುತ್ತಾನೆ. ಮೇಷ್ಟ್ರು ತೊಡೆ ತಟ್ಟಿದರು. "ಇದು ನಮಗೆ ಗೊತ್ತಿರುವ ಆಟ. ಸವಾಲು, ಜವಾಬು."

"ಈ ಗಿಟಾರಿನ ಪಕ್ಕದಲ್ಲಿ ಗರಗರ ಎನ್ನುತ್ತಿರುವ ಇನ್ನೊಂದು ಗಿಟಾರ್ ಯಾರದು?"

"ಅದು ಗಿಟಾರೇ ಅಲ್ಲ ಮೇಷ್ಟ್ರೇ! ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್. ಚರ್ಚಿನಲ್ಲಿ ಭಜನೆಗೆ ನುಡಿಸುವಂಥ ವಾದ್ಯವನ್ನು ತಂದು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿಬಿಟ್ಟ. ಬಸವಣ್ಣನಿಗೆ ಲಾರಿ ಹಾರ್ನ್ ಕಟ್ಟಿದ ಹಾಗೆ."

ಪರ್ಪಲ್‌ನ ನಿಜವಾದ ಬಲ ಇಲ್ಲಿದೆ ಎಂದು ನನಗೆ ಬಹಳ ದಿನಗಳಿಂದ ಅನಿಸಿದೆ. ಬೇರೆ ತಂಡಗಳಲ್ಲಿ ಗಿಟಾರಿನವನು ಯಜಮಾನ, ಉಳಿದವರು ಪಕ್ಕವಾದ್ಯ. ಇಲ್ಲಿ ಯಜಮಾನಿಕೆಗೆ ಇಬ್ಬರು ಸ್ಪರ್ಧಿಗಳು. ಇದೇ ಲಾರ್ಡ್ 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ ತಾನೇ ಬರೆದ ಕಾನ್ಸರ್ಟೋ ನುಡಿಸಿದವನು. ಆರ್ಕೆಸ್ಟ್ರಾ ನಡೆಸಿದ್ದು ಮಾಲ್ಕಂ ಆರ್ನಲ್ಡ್. ಮೂರೇ ವರ್ಷದಲ್ಲಿ ಇದೇ ತಂಡ ಲಂಡನ್ನಿನ ಇನ್ನೊಂದು ರಂಗಮಂದಿರದಲ್ಲಿ 117 ಡೆಸಿಬೆಲ್ ಸದ್ದು ಮಾಡಿ, ಕೇಳುಗರಲ್ಲಿ ಮೂವರನ್ನು ಪ್ರಜ್ಞೆ ತಪ್ಪಿಸಿ, ಜಗತ್ತಿನ ಅತಿ ಗದ್ದಲದ ತಂಡವೆಂದು ಗಿನ್ನಿಸ್ ಪುಸ್ತಕ ಸೇರಿತು. ಎರಡನ್ನೂ ಒಂದೇ ಮನೆಯವರು ಮಾಡಿದರು ಎಂಬುದರಲ್ಲಿ ಶೆಟ್ಟರಿಗೆ ಹೆಮ್ಮೆಯಿದೆ. ಅದರಲ್ಲೂ ಎರಡನೆಯದರಲ್ಲಿ ಹೆಚ್ಚು.

ಮೇಷ್ಟ್ರ ಒಲವು ಆ ಕಡೆ ವಾಲುವುದನ್ನು ಕಂಡ ರಾಯರು 'ಕಾಶ್ಮೀರ್' ಹಾಕಿದರು. 1975ರ ಹಾಡು. ಇದರ ಪದಗಳು ಮೊರಾಕ್ಕೋದ ಮರುಭೂಮಿಯ ರಸ್ತೆಯಲ್ಲಿ ಹುಟ್ಟಿದವು. ಬರೆದಾಗ ತಂಡದ ಯಾರೂ ಕಾಶ್ಮೀರ ಕಂಡವರಲ್ಲ.

"ಊಟಿಗೇ ಹೋಗದೆ ಊಟಿ ವರ್ಕಿ ಮಾರಿದ ಹಾಗೆ," ಎಂದರು ಶೆಟ್ಟರು.

ಮೇಷ್ಟ್ರು ಕೈಯೆತ್ತಿ ಅವರನ್ನು ತಡೆದರು. ಅವರ ಬಲಗೈ ಒಂದು ಲೆಕ್ಕ ಹಾಕುತ್ತಿತ್ತು, ಎಡಗೈ ಇನ್ನೊಂದು. "ತಡೆಯಿರಿ. ಡ್ರಮ್ಮಿನವನು ನಾಲ್ಕು ಎಣಿಸುತ್ತಿದ್ದಾನೆ. ಗಿಟಾರಿನವನು ಮೂರು. ಇವನು ತಕದಿಮಿ, ಅವನು ತಕಿಟ. ಹನ್ನೆರಡಕ್ಕೊಮ್ಮೆ ಸೇರುತ್ತಾರೆ, ಮತ್ತೆ ಬೇರೆಯಾಗುತ್ತಾರೆ. ಇಬ್ಬರಲ್ಲಿ ಯಾರೂ ಬಿಟ್ಟುಕೊಡುತ್ತಿಲ್ಲ, ಆದರೂ ಜಗಳವಿಲ್ಲ. ನಿಮ್ಮಿಬ್ಬರಿಗಿಂತ ಎಷ್ಟೋ ಮೇಲು."

ಅದನ್ನು ತೋರಿಸಿಕೊಡಲು ರಾಯರಿಗೆ ತಕದಿಮಿ, ಶೆಟ್ಟರಿಗೆ ತಕಿಟ ಹಂಚಿದರು. ಮೊದಲ ಹನ್ನೆರಡಕ್ಕೆ ಇಬ್ಬರೂ ಸೇರಿದರು. ಹನ್ನೆರಡು ವರ್ಷಗಳಲ್ಲಿ ಅವರು ಒಂದು ಮಾತಿಗೆ ಸೇರಿದ್ದು ಅದೇ. ಎರಡನೇ ಸುತ್ತಿನಲ್ಲಿ ಶೆಟ್ಟರಿಗೆ ಸಿಮೆಂಟಿನ ಸಪ್ಲೈಯರ್ ಫೋನ್ ಬಂತು. ರಾಯರು ಒಬ್ಬರೇ ತಕದಿಮಿ ಹೊಡೆಯುತ್ತ ಕುಳಿತರು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕುಳಿತಿದ್ದ ಹಾಗೆಯೇ.

"ನಮ್ಮವರಿಗೆ ಈ ದೇಶದ ಲಯದ ಪರಿಚಯ ಮೊದಲೇ ಇತ್ತು ಮೇಷ್ಟ್ರೇ. ಮೊದಲ ಆಲ್ಬಮ್ಮಿನಲ್ಲೇ ಒಂದು ಕಡೆ ತಬಲಾ ಇದೆ, ವೀರಂ ಜಸಾನಿ ನುಡಿಸಿದ್ದು. 1972ರಲ್ಲಿ ಪೇಜ್, ಪ್ಲಾಂಟ್ ಇಬ್ಬರೂ ಬಾಂಬೆಗೆ ಬಂದು ಅಲ್ಲಿಯ ವಾದ್ಯಗಾರರನ್ನು ಕೂರಿಸಿಕೊಂಡು ತಮ್ಮ ಎರಡು ಹಾಡು ಮುದ್ರಿಸಿದರು. ಅದು ಮಾರುಕಟ್ಟೆಗೆ ಬಂದದ್ದು ಮಾತ್ರ 2015ರಲ್ಲಿ."

"ನಲವತ್ಮೂರು ವರ್ಷ!" ಫೋನ್ ಮುಗಿಸಿದ ಶೆಟ್ಟರು ಬಂದರು. "ಇಷ್ಟು ತಡವಾಗಿ ಮಾಲು ಕಳಿಸಿದರೆ ನಾನು ಹಣ ಕೊಡುವುದಿಲ್ಲ. ನಮ್ಮವರನ್ನು ನೋಡಿ. 1971ರಲ್ಲಿ ಪೋರ್ಟ್ಸ್‌ಮತ್ ಎಂಬ ಊರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಬ್ಬ ಪತ್ರಕರ್ತ, ನೀವು ಹಾಡು ಹೇಗೆ ಕಟ್ಟುತ್ತೀರಿ ಎಂದು ಕೇಳಿದ. ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡು ಹೀಗೆ ಎಂದು ಬಾರಿಸಿದ, ಗಿಲ್ಲನ್ ಹೀಗೆ ಎಂದು ಹಾಡಿದ. ಅದೇ 'ಹೈವೇ ಸ್ಟಾರ್'. ಆ ರಾತ್ರಿಯೇ ವೇದಿಕೆ ಮೇಲೆ ನುಡಿಸಿಯೂ ಬಿಟ್ಟರು. ಆರ್ಡರ್ ಬೆಳಿಗ್ಗೆ, ಡೆಲಿವರಿ ಸಂಜೆ."

ಡ್ರಮ್ಮಿನ ಮಾತು ಬಂದಾಗ ಮೇಷ್ಟ್ರೇ ಇಕ್ಕಟ್ಟಿಗೆ ಸಿಕ್ಕಿದರು. ಬಾನಮ್ ತನ್ನ ತನಿಯಲ್ಲಿ ಕೋಲುಗಳನ್ನು ಎಸೆದು ಬರಿಗೈಯಿಂದಲೇ ಬಾರಿಸುತ್ತಿದ್ದ ಎಂದು ರಾಯರು ಹೇಳಿದಾಗ, "ಹಾಗಾದರೆ ಅವನು ನಮ್ಮವನೇ," ಎಂದರು. ಪರ್ಪಲ್‌ನ ಇಯಾನ್ ಪೇಸ್ ಎಡಗೈಯವನು ಎಂದು ಶೆಟ್ಟರು ಹೇಳಿದಾಗ, "ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರೂ ಎಡಗೈಯವರೇ," ಎಂದು ಕೈಮುಗಿದರು. ಆಮೇಲೆ ಇಬ್ಬರನ್ನೂ ಕೇಳಿ ಹೀಗೆಂದರು: "ಎಡಗೈಯವನ ಬೆರಳು ಚುರುಕು. ಒಂದು ಮಾತ್ರೆಯಲ್ಲಿ ನಾಲ್ಕು ಸಂಸಾರ ನಡೆಸುತ್ತಾನೆ. ಬರಿಗೈಯವನು ಪೆಟ್ಟನ್ನು ಸ್ವಲ್ಪ ತಡವಾಗಿ ಹಾಕುತ್ತಾನೆ, ಬೇಕೆಂದೇ. ಆ ತಡದಲ್ಲಿ ಭಾರವಿದೆ."

ಇಲ್ಲಿ ನಾನು ಕುರ್ಚಿಯ ಮರ್ಯಾದೆ ಉಳಿಸಲು ಬಾಯಿ ತೆರೆದೆ. ನಾನು ಹೇಳಿದ್ದು ಒಂದು ಲಾರಿಯ ಕಥೆ. ರೋಲಿಂಗ್ ಸ್ಟೋನ್ಸ್ ಎಂಬ ಮೂರನೇ ತಂಡದ ಬಳಿ ಲಾರಿಯೊಳಗೇ ಕಟ್ಟಿದ ಸಂಚಾರಿ ಸ್ಟುಡಿಯೋ ಒಂದಿತ್ತು. ಬಾಡಿಗೆಗೂ ಕೊಡುತ್ತಿದ್ದರು. ಜೆಪ್ಲಿನ್ ತನ್ನ ನಾಲ್ಕನೇ ಆಲ್ಬಮ್ಮಿಗೆ ಆ ಲಾರಿಯನ್ನು ಹೆಡ್ಲಿ ಗ್ರೇಂಜ್ ಎಂಬ ಹಳ್ಳಿಮನೆಗೆ ಕರೆಸಿತು. ಹಿಂದೆ ಊರಿನ ನಿರ್ಗತಿಕರನ್ನು ಇಟ್ಟು ದುಡಿಸುತ್ತಿದ್ದ ದೊಡ್ಡ ಕಟ್ಟಡ ಅದು. 1971ರ ಡಿಸೆಂಬರಿನಲ್ಲಿ ಅದೇ ಲಾರಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಪರ್ಪಲ್‌ಗಾಗಿ ನಿಂತಿತ್ತು. ಅಲ್ಲಿಯ ಕ್ಯಾಸಿನೋದಲ್ಲಿ ಮುದ್ರಣವೆಂದು ಗೊತ್ತಾಗಿತ್ತು. ಹಿಂದಿನ ದಿನ ಫ್ರಾಂಕ್ ಜಪ್ಪಾನ ಕಛೇರಿಯಲ್ಲಿ ಯಾರೋ ಚಾವಣಿಗೆ ಬೆಂಕಿಬಾಣ ಹಾರಿಸಿ ಇಡೀ ಕ್ಯಾಸಿನೋ ಸುಟ್ಟುಹೋಯಿತು. ಜಿನೀವಾ ಸರೋವರದ ಮೇಲೆ ಹರಡಿದ ಆ ಹೊಗೆಯೇ ಮೇಷ್ಟ್ರು ಸ್ವರ ಹಾಕಿದ ಹಾಡು. ತಂಡದವರು ಇನ್ನೊಂದು ರಂಗಮಂದಿರಕ್ಕೆ ಹೋದರು. ಗದ್ದಲಕ್ಕೆ ಪೊಲೀಸರು ಬಂದು ಎಬ್ಬಿಸಿದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ನೆಲೆ ಸಿಕ್ಕಿತು.

"ಈಗ ಕೇಳಿ," ಎಂದೆ. "ಪರ್ಪಲ್‌ನವರು ಆ ಕಾರಿಡಾರಿಗೆ ಹಾಸಿಗೆಗಳನ್ನು ಒರಗಿಸಿದರು. ಏಕೆ? ಗೋಡೆ ಬಾಯಿ ಮುಚ್ಚಿಕೊಂಡಿರಲಿ, ಐವರೂ ನುಡಿಸಿದ್ದು ಬಿಡಿಬಿಡಿಯಾಗಿ ಕೇಳಿಸಲಿ ಎಂದು. ಜೆಪ್ಲಿನ್‌ನವರು ತಿರುಗಾ ಮುರುಗಾ ಮಾಡಿದರು. ಬಾನಮ್‌ನ ಡ್ರಮ್ಮುಗಳನ್ನು ಮೆಟ್ಟಿಲಿನ ಕೆಳಗಿನ ಹಜಾರದಲ್ಲಿಟ್ಟು, ಆಂಡಿ ಜಾನ್ಸ್ ಎಂಬ ಎಂಜಿನಿಯರ್ ಮಹಡಿಯ ಕಟಕಟೆಯಿಂದ ಎರಡೇ ಮೈಕುಗಳನ್ನು ತೂಗುಬಿಟ್ಟ. ಗೋಡೆಯೂ ಮಾತನಾಡಲಿ ಎಂದು. 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿನ ಆ ಸದ್ದು ಹುಟ್ಟಿದ್ದು ಹಾಗೆ. ಪರ್ಪಲ್‌ನಲ್ಲಿ ಐವರು ವಿದ್ವಾಂಸರಿದ್ದಾರೆ. ಜೆಪ್ಲಿನ್‌ನಲ್ಲಿ ನಾಲ್ವರು ಮತ್ತು ಒಂದು ಮನೆ."

ಒಳ್ಳೆಯ ಮಾತು ಆಡಿದೆನೆಂದು ನಾನು ಒರಗಿ ಕುಳಿತೆ. ಯಾರೂ ಒಪ್ಪಲಿಲ್ಲ.

"ಮನೆಯೇ ವಾದ್ಯ ಎಂದರೆ ನನ್ನ ಮೆಟ್ಟಿಲೂ ವಾದ್ಯವೇ?" ಎಂದರು ಶೆಟ್ಟರು. "ಮೂರು ಮಹಡಿಯ ಕಟ್ಟಡ. ಯಾರು ಬಾರಿಸಿದರೂ ಹಾಗೆ ಕೇಳಿಸುತ್ತದೆ ಎಂದಾದರೆ ಬಾನಮ್‌ನದು ಹೆಚ್ಚೇನಿದೆ?"

"ಬನ್ನಿ ನೋಡೇಬಿಡೋಣ," ಎಂದು ರಾಯರು ಎದ್ದರು. ಅವರು ಅಷ್ಟು ಬೇಗ ಎದ್ದದ್ದನ್ನು ಬ್ಯಾಂಕಿನ ಗ್ರಾಹಕರು ನೋಡಿರಲಾರರು.

ಸಲಕರಣೆಗಳಿಗೆ ಬರವಿರಲಿಲ್ಲ. ಇಪ್ಪತ್ತು ಲೀಟರಿನ ಖಾಲಿ ಪ್ರೈಮರ್ ಡಬ್ಬ ಒಂದು, ಬೋರಲಾಗಿ. ಬಾನಮ್‌ನ ದೊಡ್ಡ ಡ್ರಮ್ಮಿನ ಅಗಲ 26 ಇಂಚು. ಅದಕ್ಕೆ ಇದು ಮೊಮ್ಮಗ. ಒಂದು ಇಂಚಿನ ಪೈಪಿನ ಎರಡು ತುಂಡುಗಳಿಗೆ ಬಟ್ಟೆ ಸುತ್ತಿ ಕೋಲು ಮಾಡಿದೆವು. ನೈಲಾನ್ ಹಗ್ಗವನ್ನು ಶೆಟ್ಟರು ಅಳೆದೇ ಕತ್ತರಿಸಿದರು. ಮೈಕು ಎಂದರೆ ನನ್ನ ಹೊಸ ಮೊಬೈಲ್. ರಾಯರು ಎರಡನೇ ಮಹಡಿಯ ಕಟಕಟೆಗೆ ಹೋಗಿ ಅದನ್ನು ಬಾವಿಗೆ ಕೊಡ ಇಳಿಸಿದ ಹಾಗೆ ಇಳಿಸಿದರು. ಮೇಷ್ಟ್ರು ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಡಬ್ಬಕ್ಕೆ ನಮಸ್ಕರಿಸಿ, ಪೈಪೆತ್ತಿದರು.

ಆ ಸದ್ದನ್ನು ಹೇಗೆ ಹೇಳಲಿ! ಒಂದು ಪೆಟ್ಟು ಬಿದ್ದರೆ ಅದು ಮೂರು ಮಹಡಿ ಹತ್ತಿ, ನೀರಿನ ಟ್ಯಾಂಕ್ ಮುಟ್ಟಿ, ವಾಪಸು ಬಂದು ಮುಂದಿನ ಪೆಟ್ಟಿನ ಕೈಹಿಡಿಯುತ್ತಿತ್ತು. ಮೇಷ್ಟ್ರು ಮೊದಲು ಬೆಚ್ಚಿದರು, ಆಮೇಲೆ ಲಯ ನಿಧಾನ ಮಾಡಿದರು, ಆಮೇಲೆ ಆ ಪ್ರತಿಧ್ವನಿಗೆಂದೇ ಜಾಗ ಬಿಟ್ಟು ಬಾರಿಸತೊಡಗಿದರು. ಅಷ್ಟರಲ್ಲಿ ಎರಡನೇ ಮಹಡಿಯ ಬಾಗಿಲು ತೆರೆಯಿತು. ಎಂಬತ್ತು ದಾಟಿದ ಅಮ್ಮ, ಶೆಟ್ಟರ ಹಳೆಯ ಬಾಡಿಗೆದಾರರು. ತಮಟೆಯ ಸದ್ದು ಎಂದು ತಿಳಿದು ಹೊರಬಂದವರು ಮೆಟ್ಟಿಲಿಗೆ ಬಗ್ಗಿ ಕೂಗಿದರು.

"ಯಾರಪ್ಪಾ ಹೋದವರೂ?"

ಮೇಷ್ಟ್ರ ಕೈ ನಿಂತಿತು. ಪಕ್ಕದಲ್ಲೇ ಹಗ್ಗ ಹಿಡಿದು ನಿಂತಿದ್ದ ರಾಯರು ಸುಳ್ಳು ಹೇಳಿದವರಲ್ಲ. "ಜಾನ್ ಬಾನಮ್ ಅಂತ, ಅಮ್ಮ."

"ಅಯ್ಯೋ. ವಯಸ್ಸೇನಾಗಿತ್ತು?"

"32."

"ಶಿವನೇ. ಏನಾಗಿತ್ತು?"

"ಕುಡಿತ ಅಮ್ಮ. 1980ರ ಸೆಪ್ಟೆಂಬರಿನಲ್ಲಿ."

ಅಮ್ಮ ಲೆಕ್ಕ ಹಾಕಿದರು. "ಅಂದು ಹೋದವನಿಗೆ ಇಂದು ಬಾರಿಸುತ್ತಿದ್ದೀರಾ?" ಎಂದವರು, ನಮ್ಮ ಮುಖ ನೋಡಿ ಕನಿಕರದಿಂದ, "ಮಕ್ಕಳಿದ್ದರೇ?" ಎಂದರು.

"ಮಗ ಇದ್ದಾನೆ. ಅವನೂ ಡ್ರಮ್ ಬಾರಿಸುತ್ತಾನೆ. ಉಳಿದ ಮೂವರು 2007ರಲ್ಲಿ ಲಂಡನ್ನಿನಲ್ಲಿ ಒಂದು ರಾತ್ರಿ ಮತ್ತೆ ಸೇರಿದಾಗ ಅಪ್ಪನ ಜಾಗದಲ್ಲಿ ಅವನೇ ಕುಳಿತ."

"ಅನುಕಂಪದ ಆಧಾರದ ನೇಮಕ," ಎಂದರು ಕೆಳಗಿನಿಂದ ಶೆಟ್ಟರು. ರಾಯರು ಸಿಟ್ಟಿನಲ್ಲಿ ಕೈಯೆತ್ತಿದರು. ಹಗ್ಗ ಜಾರಿತು. ನನ್ನ ಮೊಬೈಲ್ ಡಬ್ಬದ ಮೇಲೆ ಬಿದ್ದು ಆ ದಿನದ ಕೊನೆಯ ಪೆಟ್ಟನ್ನು ತಾನೇ ಬಾರಿಸಿತು.

ಪುಣ್ಯಕ್ಕೆ ಒಡೆದದ್ದು ಗಾಜಿನ ಒಂದು ಮೂಲೆ ಮಾತ್ರ. ಮುದ್ರಣ ಉಳಿದಿತ್ತು. ನಾಲ್ವರೂ ತಲೆ ಕೂಡಿಸಿ ಕೇಳಿದೆವು. ಪೇಂಟ್ ಡಬ್ಬ ಎಂದು ಯಾರೂ ಹೇಳಲಾರರು. ಮಳೆಗಾಲದ ರಾತ್ರಿ ದೂರದಲ್ಲಿ ಸಿಡಿಲು ಬಿದ್ದ ಹಾಗಿತ್ತು. ಶೆಟ್ಟರು ಮಾತನಾಡಲಿಲ್ಲ. ರಾಯರು ಮೀಸೆಯಡಿ ನಗುತ್ತಿದ್ದರು. ಆಗ ಬಂತು ಅಮ್ಮನ ದನಿ. "ಯಾರಪ್ಪಾ" ಎಂದು ಕೆಳಗೆ ಹುಟ್ಟಿ, "ಹೋದವ" ಎನ್ನುವಲ್ಲಿ ಒಂದು ಮಹಡಿ ಏರಿ, "ರೂ" ಎನ್ನುವಲ್ಲಿ ಟ್ಯಾಂಕ್ ಮುಟ್ಟಿ, ಶ್ರುತಿ ಕದಲದೆ ಅಲ್ಲೇ ನಿಂತು ನಡುಗುತ್ತಿತ್ತು.

"ಗಿಲ್ಲನ್!" ಎಂದು ಶೆಟ್ಟರು ಸ್ಟೂಲಿನಿಂದ ಹಾರಿ ಎದ್ದರು. "ಚೈಲ್ಡ್ ಇನ್ ಟೈಮ್! ನಿಮ್ಮ ಮೆಟ್ಟಿಲಿನಲ್ಲಿ ನಮ್ಮ ಗಿಲ್ಲನ್!"

"ಅದಕ್ಕೆ ಮೆಟ್ಟಿಲೇ ಕಾರಣ," ಎಂದರು ರಾಯರು, ಆದರೆ ದನಿಯಲ್ಲಿ ಬಲವಿರಲಿಲ್ಲ. ಮೇಷ್ಟ್ರು, "ಆಧಾರ ಷಡ್ಜ ಎಷ್ಟು ಗಟ್ಟಿ ನೋಡಿ, ಈ ವಯಸ್ಸಿನಲ್ಲಿ," ಎಂದು ತಮ್ಮಷ್ಟಕ್ಕೆ ಗೊಣಗಿದರು.

ಶೆಟ್ಟರು ಬಿಲ್ ಪುಸ್ತಕ ತೆಗೆದರು. ನೈಲಾನ್ ಹಗ್ಗ ಹನ್ನೆರಡು ಮೀಟರ್, ಪೈಪ್ ತುಂಡು ಎರಡು, ತಗ್ಗು ಬಿದ್ದ ಡಬ್ಬ ಒಂದು. ಹರಿದು ರಾಯರ ಕೈಗೆ ಕೊಟ್ಟರು. ಹೆಸರು ಬರೆಯುವ ಜಾಗದಲ್ಲಿ ಹೆಸರಿರಲಿಲ್ಲ. ಸೊಟ್ಟಸೊಟ್ಟಗೆ ನಾಲ್ಕು ಗುರುತುಗಳಿದ್ದವು.

"ಇದೇನು?"

"ನಿಮ್ಮ ನಾಲ್ಕನೇ ಆಲ್ಬಮ್ಮಿನ ಮೇಲೂ ಹೆಸರಿರಲಿಲ್ಲ. ನಾಲ್ವರಿಗೆ ನಾಲ್ಕು ಗುರುತು ಹಾಕಿ ಕೋಟಿಗಟ್ಟಲೆ ಮಾರಿದರು. ನಾನು ಕೇಳುತ್ತಿರುವುದು ಮುನ್ನೂರ ಎಂಬತ್ತು ರೂಪಾಯಿ."

ರಾಯರು ಎಣಿಸಿ ಕೊಟ್ಟರು. ಶೆಟ್ಟರು ಶಟರ್ ಎಳೆಯಲು ಕೊಕ್ಕೆ ಹುಡುಕುತ್ತಿದ್ದಾಗ ರಾಯರು ನನ್ನ ಬಳಿ ಬಂದು, ಪಿಸುದನಿಯಲ್ಲಿ, "ಆ ಅಮ್ಮ ಕೂಗಿದ ಭಾಗವನ್ನಷ್ಟೇ ಕತ್ತರಿಸಿ ನನ್ನ ವಾಟ್ಸ್‌ಆ್ಯಪ್‌ಗೆ ಕಳುಹಿಸಿ," ಎಂದರು. "ಪೂರ್ತಿ ಬರಲಿ. 'ಟಪ್' ಎಂದು ನಡುವೆ ನಿಲ್ಲಬಾರದು."